ಹದಿನಾರರ ಹುಡುಗನನ್ನು ಒಂದೇ ಭೇಟಿಯಲ್ಲಿ ಅಳೆಯಲಾಗದು

ಸಂಪಾದಕರಿಗೆ,

ಮಾನ್ಯರೇ,

ಹದಿಹರೆಯದವರ ಮೇಲೆ ಕೊಲೆ, ಅತ್ಯಾಚಾರದ ಆರೋಪ ಬಂದಾಗಲೆಲ್ಲ ‘ದೊಡ್ಡವರಂತೆಯೇ ಶಿಕ್ಷಿಸಿ’ ಎಂಬ ಕೂಗು ಏಳುತ್ತದೆ. ಸಂತ್ರಸ್ತರ ಸಂಕಟ ನೋಡಿದವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೆ 2015ರ ಬಾಲ ನ್ಯಾಯ ಕಾಯ್ದೆಯ 15ನೇ ಸೆಕ್ಷನ್ ಅಡಿ, ಘೋರ ಅಪರಾಧದ ಆರೋಪ ಹೊತ್ತ 16ರಿಂದ 18 ವರ್ಷದವರನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ನಿರ್ಧರಿಸಲು ಬಾಲ ನ್ಯಾಯ ಮಂಡಳಿ ಮಾಡುವ ಪ್ರಾಥಮಿಕ ಮೌಲ್ಯಮಾಪನ ಹೇಗೆ ನಡೆಯುತ್ತಿದೆ ಎಂಬುದನ್ನು ಕೇಳುವವರು ಕಡಿಮೆ.

ಆಪ್ತಸಮಾಲೋಚಕಿಯಾಗಿದ್ದಾಗ ನಾನು ಕಂಡ ಒಬ್ಬ ಹುಡುಗ ಮೊದಲ ದಿನ ಅಂಗಿಯ ಗುಂಡಿ ತಿರುವುತ್ತ, ಕೇಳಿದ್ದಕ್ಕೆಲ್ಲ ‘ಹೂಂ’ ಎಂದಷ್ಟೇ ಹೇಳಿದ್ದ. ಅವನನ್ನು ಅರ್ಧ ಗಂಟೆ ಮಾತನಾಡಿಸಿದ್ದ ಇನ್ನೊಬ್ಬರ ವರದಿಯಲ್ಲಿ ‘ಪಶ್ಚಾತ್ತಾಪವಿಲ್ಲ’ ಎಂದಿತ್ತು. ಮೂರನೇ ಭೇಟಿಯಲ್ಲಿ ಅವನೇ ಬಾಯಿಬಿಟ್ಟು, ‘ತಂಗಿ ಶಾಲೆಗೆ ಹೋಗ್ತಿದಾಳಾ ಮೇಡಂ?’ ಎಂದು ಕೇಳಿ ಅತ್ತ. ಅಷ್ಟಕ್ಕೂ ಆರೋಪ ಸಾಬೀತಾಗುವ ಮೊದಲೇ ಪಶ್ಚಾತ್ತಾಪವನ್ನು ಹುಡುಕುವುದು ಸರಿಯೇ? ಈ ಮೌಲ್ಯಮಾಪನ ವಿಚಾರಣೆಯಲ್ಲ ಎಂದು ಕಾಯ್ದೆಯೇ ಸ್ಪಷ್ಟಪಡಿಸಿದೆ.

ಅಪರಾಧ ಎಸಗುವ ಸಾಮರ್ಥ್ಯ, ಪರಿಣಾಮದ ಅರಿವು, ಕೃತ್ಯದ ಸಂದರ್ಭ, ಇವನ್ನು ಪರಿಶೀಲಿಸಬೇಕೆಂದು ಕಾನೂನು ಹೇಳುತ್ತದೆ. ಮುಂದೆಯೂ ಹಿಂಸೆಗೆ ಇಳಿಯಬಹುದೇ ಎಂಬುದು ಬೇರೆಯದೇ ಪ್ರಶ್ನೆ, ಎರಡನ್ನೂ ಕಲಸಬಾರದು. ಆವೇಗವನ್ನು ಹಿಡಿತದಲ್ಲಿಡುವ ಮಿದುಳಿನ ಮುಂಭಾಗ ಇಪ್ಪತ್ತರ ಪ್ರಾಯ ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಗೆಳೆಯರ ಎದುರು ಒಂದು ಕ್ಷಣದಲ್ಲಿ ಕೈಯೆತ್ತುವ ಹುಡುಗ, ಒಬ್ಬನೇ ಕೂತಾಗ ಅದರ ಪರಿಣಾಮವನ್ನು ಚೆನ್ನಾಗಿಯೇ ವಿವರಿಸಬಲ್ಲ. ಹದಿಹರೆಯದವರು ಮುಂದೆ ಹಿಂಸೆಗೆ ಇಳಿಯುವ ಅಪಾಯವನ್ನು ಅಳೆಯಲೆಂದೇ ವಿದೇಶಗಳಲ್ಲಿ ಬಳಸುವ ‘ಸ್ಯಾವ್ರಿ’ ಎಂಬ ಮಾಪನ 24 ಅಪಾಯದ ಅಂಶಗಳ ಜೊತೆಗೆ ಓದಿನ ಆಸಕ್ತಿ, ಆಪ್ತ ಹಿರಿಯರ ಆಸರೆಯಂಥ 6 ರಕ್ಷಕ ಅಂಶಗಳನ್ನೂ ತೂಗುತ್ತದೆ. ಅದನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ರಕ್ಷಕ ಅಂಶಗಳಿಗೆ ಜಾಗವೇ ಇಲ್ಲದ ವರದಿ ಅರ್ಧ ವರದಿ ಮಾತ್ರ.

ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರ ಬಲ್ಲ ಸದಸ್ಯರಿಲ್ಲದಿದ್ದರೆ ಅನುಭವಿ ತಜ್ಞರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ ನಿಜ. ದೂರದ ಜಿಲ್ಲೆಯ ಹುಡುಗನಿಗೂ ಅಂಥ ನೆರವು ಸಿಗಬೇಡವೇ? ಪ್ರತಿ ಜಿಲ್ಲೆಯ ಮಂಡಳಿಗೂ ತರಬೇತಾದ ಮನಶ್ಶಾಸ್ತ್ರಜ್ಞರನ್ನು ಸರ್ಕಾರ ನೇಮಿಸಲಿ. ಕನಿಷ್ಠ ಮೂರು ಭೇಟಿಗಳು, ಮನೆಯವರ ಹಾಗೂ ಶಿಕ್ಷಕರ ಮಾತು ವರದಿಯಲ್ಲಿ ಕಡ್ಡಾಯವಾಗಲಿ. ಮೌಲ್ಯಮಾಪನಕ್ಕೆ ಕಾಯ್ದೆ ಮೂರು ತಿಂಗಳ ಕಾಲಾವಕಾಶ ಕೊಟ್ಟಿದೆ. ಮೂರು ಭೇಟಿಗೆ ಅಷ್ಟು ಸಾಕು.

– ನಿವೃತ್ತ ಆಪ್ತಸಮಾಲೋಚಕಿ, ಧಾರವಾಡ