ಹಿಂಬದಿಯ ಹೆಸರುಗಳು

ಪ್ರಿಯ ಓದುಗರೇ,

ವರ್ಷದ ಕೊನೆಯ ಸಂಚಿಕೆ ನಿಮ್ಮ ಕೈಯಲ್ಲಿದೆ. ಸಂಘದ ವರದಿ, ಲೆಕ್ಕಪತ್ರ ಎಲ್ಲ ಒಳಪುಟಗಳಲ್ಲಿವೆ. ಈ ವರ್ಷ ನನಗೆ ಸಿಕ್ಕ ಆಲ್ಬಂಗಳ ವಿಷಯ ಇಲ್ಲಿ ಬರೆಯುತ್ತೇನೆ. ಅವು ಯಾವುವೂ ಈ ವರ್ಷ ಬಂದವಲ್ಲ. ಒಂದಕ್ಕಂತೂ ಐವತ್ತು ದಾಟಿ ಎಷ್ಟೋ ಆಯಿತು. ನನ್ನ ಕಿವಿಗೆ ಸರಿಯಾಗಿ ಬಿದ್ದದ್ದು ಈಗ.

ಶುರುವಾಗಿದ್ದು 1967ರ ‘ಕಾಲ್ ಆಫ್ ದ ವ್ಯಾಲಿ’ಯಿಂದ. ಶಿವಕುಮಾರ್ ಶರ್ಮಾ ಅವರ ಸಂತೂರ್ (ಪುಟ್ಟ ಕೋಲುಗಳಿಂದ ತಟ್ಟಿ ನುಡಿಸುವ ತಂತಿವಾದ್ಯ), ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು. ನಿಮ್ಮಲ್ಲಿ ತುಂಬ ಜನ ಕೇಳಿರುತ್ತೀರಿ. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನ ಅದರಲ್ಲಿದೆ. ಬೆಳಗಿನ ಅಹಿರ್ ಭೈರವ್ ರಾಗದಿಂದ ಹೊರಟು ಪಹಾಡಿ ರಾಗದಲ್ಲಿ ಮುಗಿಯುತ್ತದೆ. ನಾನೂ ಬಹಳ ವರ್ಷದಿಂದ ಕೇಳುತ್ತಿದ್ದೆ. ಈ ಸಲ ಬೇರೆ ಕೆಲಸ ಎಲ್ಲ ಬಿಟ್ಟು, ಹೆಡ್‌ಫೋನ್ ಹಾಕಿಕೊಂಡು ಸುಮ್ನೆ ಕೂತೆ. ಸಂತೂರ್ ಮತ್ತು ಕೊಳಲಿನ ನಡುವೆ ಮೂರನೆಯ ದನಿಯೊಂದು ಜಾರಿಕೊಂಡು ಬಂತು. ಇಷ್ಟು ವರ್ಷ ಅದನ್ನು ಯಾವುದೋ ವೀಣೆ ಎಂದುಕೊಂಡಿದ್ದೆ. ಆಲ್ಬಂ ಹೊದಿಕೆಯ ಹಿಂಬದಿಯ ಹೆಸರುಗಳನ್ನು ಓದಿದೆ. ಬ್ರಿಜ್ ಭೂಷಣ್ ಕಾಬ್ರಾ, ಗಿಟಾರ್.

ಗಿಟಾರ್! ಮಲಗಿಸಿಟ್ಟು, ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವ ಗಿಟಾರ್. ಮೆಟ್ಟುಗಳ ಹಂಗಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾಡುವವರ ಗಂಟಲಿನ ಹಾಗೆ ಹೋಗಬಹುದು.

ಅದೇ ಜಾಡು ಹಿಡಿದು ಹೋದರೆ ವಿಶ್ವಮೋಹನ ಭಟ್ ಸಿಕ್ಕಿದರು. ಅವರು ಗಿಟಾರಿಗೆ ಇನ್ನಷ್ಟು ತಂತಿ ಸೇರಿಸಿ ಅದನ್ನು ಮೋಹನವೀಣೆ ಮಾಡಿಕೊಂಡವರು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ಅವರು ನುಡಿಸಿದ ‘ಎ ಮೀಟಿಂಗ್ ಬೈ ದ ರಿವರ್’ 1993ರಲ್ಲಿ ಬಂತು. ರೆಕಾರ್ಡಿಂಗ್ ನಡೆದದ್ದು ಒಂದು ಚರ್ಚಿನಲ್ಲಿ. ಇಬ್ಬರೂ ಮುಖ ನೋಡಿ ಒಂದು ಗಂಟೆಯೂ ಆಗಿರಲಿಲ್ಲ. ಜೊತೆಗೆ ತಬಲಾ, ಮತ್ತು ಕೂಡರ್ ಅವರ ಹದಿಹರೆಯದ ಮಗನ ಪುಟ್ಟ ಡೋಲು. ಅಷ್ಟೇ. ಇರುವುದು ನಾಲ್ಕೇ ತುಣುಕು. ಕೊನೆಯದು ‘ಇಸಾ ಲೇ’, ಫಿಜಿ ದ್ವೀಪದವರು ಬೀಳ್ಕೊಡುವಾಗ ಹಾಡುವ ಹಾಡು. ಒಬ್ಬರು ಎಳೆದು ಬಿಟ್ಟ ಸ್ವರ ಇನ್ನೂ ಗುಂಯ್ ಎನ್ನುತ್ತಿರುವಾಗಲೇ ಇನ್ನೊಬ್ಬರು ಅದರ ಬಾಲ ಹಿಡಿದು ಮುಂದೆ ಹೋಗುತ್ತಾರೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ರಾಗ ಸ್ವಲ್ಪ ಜಾಸ್ತಿಯೇ ತಾಗುತ್ತದೆ.

ರೈ ಕೂಡರ್ ಹೆಸರು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಎಂದು ಕೆಲವರಿಗೆ ಆಗಲೇ ಗೊತ್ತಾಗಿರುತ್ತದೆ. ಅವರೇ ನಿರ್ಮಿಸಿದ 1997ರ ‘ಬ್ಯುಯೆನಾ ವಿಸ್ತಾ ಸೋಶಿಯಲ್ ಕ್ಲಬ್’. ಕ್ಯೂಬಾದ ಹಿರಿಯ ಕಲಾವಿದರ ಆ ಆಲ್ಬಂ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿ ಇಲ್ಲದವರು. ಆಫ್ರಿಕಾದ ಮಾಲಿ ದೇಶದ ಕಲಾವಿದರು 1996ರಲ್ಲಿ ಹವಾನಾಕ್ಕೆ ಬಂದು ಕ್ಯೂಬಾದವರ ಜೊತೆ ನುಡಿಸಬೇಕೆಂದು ಮೊದಲು ಮಾತಾಗಿತ್ತು. ಅವರು ಬರಲಾಗಲಿಲ್ಲ. ಸ್ಟುಡಿಯೋ ಸಿದ್ಧವಿತ್ತು, ಹಿರಿಯರನ್ನು ಹುಡುಕಿ ಕರೆತಂದರು. ಮಾಲಿಯವರು ಮತ್ತು ಕ್ಯೂಬಾದವರು ಕೂಡಿದ ‘ಆಫ್ರೋಕ್ಯೂಬಿಸಂ’ ಹೊರಬಂದದ್ದು 2010ರಲ್ಲಿ. ಅದೂ ಚೆನ್ನಾಗಿದೆ. ಆದರೆ ನಾನು ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಅದರಲ್ಲಿ ಕೋರಾ ನುಡಿಸಿದ ತುಮಾನಿ ದಿಯಾಬಾತೆ ಎಂಬ ಹೆಸರು ನನ್ನನ್ನು ಇನ್ನೂ ಮುಂದಕ್ಕೆ ಎಳೆಯಿತು.

ಈ ವರ್ಷದ ನನ್ನ ಆಲ್ಬಂ ಯಾವುದು ಎಂದರೆ ಇದೇ: 2005ರ ‘ಇನ್ ದ ಹಾರ್ಟ್ ಆಫ್ ದ ಮೂನ್’. ಅಲಿ ಫರ್ಕಾ ತೂರೆ ಅವರ ಗಿಟಾರ್, ತುಮಾನಿ ಅವರ ಕೋರಾ. ಕೋರಾ ಎಂದರೆ ದೊಡ್ಡ ಸೋರೆ ಬುರುಡೆಗೆ ಚರ್ಮ ಬಿಗಿದು, ಉದ್ದನೆಯ ಕೋಲು ಸಿಕ್ಕಿಸಿ, 21 ತಂತಿ ಕಟ್ಟಿದ ವಾದ್ಯ. ನುಡಿಸುವುದಕ್ಕೆ ಎರಡು ಹೆಬ್ಬೆರಳು, ಎರಡು ತೋರುಬೆರಳು ಸಾಕು. ಮಾಲಿಯ ರಾಜಧಾನಿ ಬಾಮಾಕೋದಲ್ಲಿ ನೈಜರ್ ನದಿಯ ದಂಡೆಯ ಹೋಟೆಲೊಂದರಲ್ಲಿ ಕೂತು, ರಿಹರ್ಸಲ್ ಇಲ್ಲದೆ ನುಡಿಸಿದ್ದು. ಎರಡೆರಡು ಗಂಟೆಯಂತೆ ಮೂರು ಸಲ ಕೂತರು. ಅಲಿ ಒಂದೇ ನಡೆಯನ್ನು ಮತ್ತೆ ಮತ್ತೆ ತಿರುಗಿಸುತ್ತಾರೆ, ಆತುರವೇ ಇಲ್ಲ. ಅದರ ಮೇಲೆ ಕೋರಾ ಹನಿಹನಿಯಾಗಿ ಉದುರಿ, ಇದ್ದಕ್ಕಿದ್ದಂತೆ ಧಾರೆಯಾಗುತ್ತದೆ. ನಮ್ಮ ಕಛೇರಿಗಳಲ್ಲಿ ತಂಬೂರಿ ನೆಲದ ಹಾಗೆ ಹರಡಿಕೊಂಡಿರುತ್ತದಲ್ವಾ, ಅಲಿಯವರ ಗಿಟಾರ್ ಅಲ್ಲಿ ಹಾಗಿದೆ. ಹಿಂಬದಿ ನೋಡಿದರೆ, ಕೆಲವು ತುಣುಕುಗಳಲ್ಲಿ ಮತ್ತೆ ರೈ ಕೂಡರ್! ಅಲಿ 2006ರಲ್ಲಿ ತೀರಿಕೊಂಡರು, ತುಮಾನಿ 2024ರಲ್ಲಿ. ಇಬ್ಬರೂ ಇರುವಾಗ ಕೇಳಲಿಲ್ಲವಲ್ಲ ಎಂಬ ಸಂಕಟ ನನಗಿದೆ.

ಈಗ ಆ್ಯಪ್‌ಗಳೇ ಮುಂದಿನ ಹಾಡು ಹಾಕುತ್ತವೆ. ಒಂದು ಮುಗಿಯುವುದರೊಳಗೆ ಅದರಂಥದ್ದೇ ಇನ್ನೊಂದು. ನುಡಿಸಿದವರ ಹೆಸರು ಎಲ್ಲೋ ಒಳಗೆ ಅಡಗಿರುತ್ತದೆ, ಹುಡುಕಿಕೊಂಡು ಹೋಗಬೇಕು. ದಯವಿಟ್ಟು ಹೋಗಿ. ಸಂತೂರಿನಿಂದ ಕೋರಾಕ್ಕೆ ಯಾವ ಆ್ಯಪ್ ನನ್ನನ್ನು ಕರೆದುಕೊಂಡು ಹೋಗುತ್ತಿತ್ತೋ ಗೊತ್ತಿಲ್ಲ. ನಾಲ್ಕು ಹೆಸರುಗಳು ಕರೆದುಕೊಂಡು ಹೋದವು.

ಮುಂದಿನ ಸಂಚಿಕೆಗೆ ನಿಮ್ಮದನ್ನು ಬರೆದು ಕಳಿಸಿ. ಒಂದೇ ಆಲ್ಬಂ ಸಾಕು. ಜೊತೆಗೆ, ಮುಖಪುಟದಲ್ಲಿ ಇಲ್ಲದ ಒಬ್ಬ ಕಲಾವಿದರ ಹೆಸರೂ ಇರಲಿ. ಸಂಘದ ಗೆಳೆಯರೊಬ್ಬರು ಆಗಲೇ ಕಳಿಸಿದ್ದಾರೆ: 2008ರ ‘ಕಿನ್ಸ್‌ಮೆನ್’. ರುದ್ರೇಶ್ ಮಹಂತಪ್ಪ ಮತ್ತು ನಮ್ಮ ಕದ್ರಿ ಗೋಪಾಲನಾಥ್, ಎರಡು ಸ್ಯಾಕ್ಸೋಫೋನ್ ಎದುರುಬದುರು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ. ಇವತ್ತು ರಾತ್ರಿ ಅಲ್ಲಿಂದ ಶುರು ಮಾಡುತ್ತೇನೆ.

ನಿಮ್ಮ,
ಸಂಪಾದಕಿ