ಹುಲಿ ಬೇಡ ಅಂತಲ್ಲ, ಜಡ್ಡಿಯನ್ನೂ ನೋಡು

ಪ್ರೀತಿಯ ಮಗಳೇ,

ಫೋನಿನಲ್ಲಿ ಹೇಳಲು ಹೋದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಎಂ.ಎಸ್ಸಿ. ಡಿಸರ್ಟೇಷನ್‌ಗೆ ವಿಷಯ ಆರಿಸಬೇಕು, ಹುಲಿ ಮೇಲೆ ಮಾಡಲಾ ಅಂತ ಕೇಳಿದ್ದೆ. ಇಂಥದ್ದನ್ನೆಲ್ಲ ಅಮ್ಮನನ್ನು ಕೇಳುವ ಮಕ್ಕಳು ಕಡಿಮೆ. ಕೇಳಿದ್ದೀಯಲ್ಲ, ಈಗ ಅನುಭವಿಸು.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಕೂತವಳಿಗೆ ಪಕ್ಕದ ಭದ್ರಾ ಕಾಡಿನ ಹುಲಿ ಕರೆಯುವುದು ಸಹಜ. ಹುಲಿ ಕೆಲಸ ಸಣ್ಣದು ಅಂತ ನಾನು ಹೇಳುವುದಿಲ್ಲ. ಮೊದಲೆಲ್ಲ ಹೆಜ್ಜೆ ಗುರುತು ನೋಡಿ ಹುಲಿ ಎಣಿಸುತ್ತಿದ್ದರು. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಒಂದೊಂದು ಹುಲಿಯ ಪಟ್ಟೆಯೂ ಬೇರೆ ಅನ್ನುವುದನ್ನೇ ಹಿಡಿದು ಲೆಕ್ಕ ಹಾಕುವ ದಾರಿ ತೋರಿಸಿದರು. 2022ರ ಅಂದಾಜಿನಲ್ಲಿ ನಮ್ಮ ರಾಜ್ಯದಲ್ಲಿ 563 ಹುಲಿ, ಮಧ್ಯಪ್ರದೇಶ ಬಿಟ್ಟರೆ ನಾವೇ ಮುಂದೆ. ಅಂದರೆ ಹುಲಿಗೆ ಜನ ಇದ್ದಾರೆ, ಕ್ಯಾಮೆರಾ ಇದೆ, ದುಡ್ಡೂ ಇದೆ. ಕಾಡಿನೊಳಗೆ ವರ್ಷವಿಡೀ ನೀರು ನಿಲ್ಲುವ ಕೆಸರು ನೆಲ, ನಮ್ಮೂರ ಜಡ್ಡಿಗೆ ಯಾರಿದ್ದಾರೆ?

ಜಾಯಿಕಾಯಿಯ ನೆಂಟ ರಾಂಪತ್ರೆ ಮರ ಬೆಳೆಯುವ ಆ ಜಡ್ಡಿ ನಿನಗೆ ಹೊಸದೇನಲ್ಲ. ಕೆಸರಿನಿಂದ ಮೇಲೆದ್ದು ಮತ್ತೆ ಕೆಸರಿಗೇ ಇಳಿಯುವ ಮಂಡಿ ಬೇರುಗಳ ಮೇಲೆ ಕೂತು ಆಡಿದವಳು ನೀನು. ಆ ಬೇರು ಮರಕ್ಕೆ ಉಸಿರಾಡಲು ಬೇಕು, ನೀರು ನಿಂತ ಮಣ್ಣಿನಲ್ಲಿ ಗಾಳಿ ಸಿಗುವುದಿಲ್ಲ ಅಂತ ಆಮೇಲೆ ನೀನೇ ನನಗೆ ಹೇಳಿಕೊಟ್ಟೆ. ಜೋಗದಿಂದ ಹೊನ್ನಾವರಕ್ಕೆ ಹೋಗುವವರಿಗೆ ಕತ್ತಲೆಕಾನು ಅಂದರೆ ಬಸ್ಸು ವಾಲುವ ಒಂದು ತಿರುವು, ಅಷ್ಟೇ. ಅಲ್ಲಿಯ ಒಂದು ಮರಕ್ಕೆ ವಿಜ್ಞಾನದಲ್ಲಿ ಹೆಸರು ಬಿದ್ದದ್ದು 2000ದಲ್ಲಿ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಗೇರಿನ ನೆಂಟ. ಅಷ್ಟೆತ್ತರದ ಮರ, ಹೆದ್ದಾರಿಗೆ ಅಷ್ಟು ಹತ್ತಿರ, ಆದರೂ ಅಲ್ಲಿಯವರೆಗೆ ಲೆಕ್ಕದಲ್ಲೇ ಇರಲಿಲ್ಲ.

2014ರಲ್ಲಿ ಇದೇ ಕಾಡಿನ ಕುಂಬಾರ ಕಪ್ಪೆಯ ಬಗ್ಗೆ ಕಪ್ಪೆ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಜೊತೆಗಾರರು ಬರೆದರು. ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಮೆತ್ತಿನ ಮೇಲೆ, ಮಹಡಿಯಲ್ಲಿ, ಉಳಿದಿದ್ದ ಹುಡುಗಿ ಅದರ ವಿಡಿಯೋ ತೋರಿಸಿದಳು. ರಾತ್ರಿ, ಹಳ್ಳ, ಟಾರ್ಚಿನ ಬೆಳಕು. ಹೆಣ್ಣು ಕಡ್ಡಿಗೆ ಮೊಟ್ಟೆ ಅಂಟಿಸಿ ಹೊರಟುಹೋಯಿತು. ಗಂಡು ಬಗ್ಗಿ, ಮುಂಗಾಲಿನಲ್ಲಿ ಕೆಸರು ಬಾಚಿಕೊಂಡು, ಹಿಂಗಾಲಿನ ಮೇಲೆ ಎದ್ದು ನಿಂತು ಮೊಟ್ಟೆಗೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆ ಒಣಗದ ಹಾಗೆ, ತಿನ್ನುವವರ ಕಣ್ಣಿಗೆ ಬೀಳದ ಹಾಗೆ ಇರಬಹುದು ಅಂದಳು. ಅಡಿಕೆ ಸುಲಿಯುವಾಗ ಯಾರು ಕರೆದರೂ ತಲೆ ಎತ್ತದ ನಿನ್ನಪ್ಪ ಅದನ್ನು ಎರಡು ಸಲ ಹಾಕಿಸಿಕೊಂಡು ನೋಡಿದರು.

ಈಗ ಸ್ವಲ್ಪ ಕಷ್ಟದ ಮಾತು. ಜಡ್ಡಿಗೆ ಎಂಥ ಜಾಗ ಬೇಕೋ ಅಡಿಕೆಗೂ ಅಂಥದ್ದೇ ಬೇಕು. ಕಣಿವೆಯ ತಳ, ತಂಪು, ವರ್ಷವಿಡೀ ನೀರು. ಹಾಗಾಗಿ ಎಷ್ಟೋ ಜಡ್ಡಿಗಳು ತೋಟಗಳಾದವು. ನಮ್ಮ ಕೆಳಗಿನ ತುಂಡಿನಲ್ಲಿ ಬಸಿಗಾಲುವೆ ತೋಡಿದರೆ ಈಗಲೂ ಕಪ್ಪು ಕೆಸರೇ ಬರುತ್ತದೆ, ನೋಡಿದ್ದೀಯಲ್ಲ. ನಿಮ್ಮ ಪುಸ್ತಕಗಳಲ್ಲಿ 'ಮಾನವ ಹಸ್ತಕ್ಷೇಪ' ಅಂತ ಒಂದು ಸಾಲು ಇರುತ್ತದೆ. ಆ ಸಾಲಿನೊಳಗೆ ನಿನ್ನ ಫೀಸು ಕಟ್ಟಿದ ತೋಟವೂ ಇದೆ.

ಆದರೆ ಬೇಸಿಗೆಯಲ್ಲಿ ಆ ತೋಟಕ್ಕೆ ನೀರು ಬರುವುದು ಮೇಲಿರುವ ಕಾನಿನಿಂದಲೇ, ಆ ದಟ್ಟ ಹಸಿರು ಕಾಡಿನಿಂದಲೇ, ಅಲ್ವಾ? ಶರಾವತಿ ಕಣಿವೆಯಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಇದನ್ನು ಅಳೆದು ತೋರಿಸಿದೆ. ನಿತ್ಯಹಸಿರು ಕಾಡಿರುವ ಕಡೆ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾಡು ಹೋದ ಕಡೆ ಮಳೆ ನಿಂತ ಕೆಲವೇ ತಿಂಗಳಿಗೆ ಬತ್ತುತ್ತದೆ. ಕಾಡು ಉಳಿಸಿ ಅಂದರೆ ನಮ್ಮೂರಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಏಪ್ರಿಲ್ ತಿಂಗಳ ನೀರಿನ ಲೆಕ್ಕ ಇಟ್ಟು ಮಾತಾಡು, ಕುರ್ಚಿ ಎಳೆದುಕೊಂಡು ಬಂದು ಕೂರುತ್ತಾರೆ. ನಮ್ಮೂರಿನ ಒಂದೊಂದು ಹಳ್ಳಕ್ಕೂ ಆ ಲೆಕ್ಕ ಬೇಕು. ಅದನ್ನು ನೀನು ಮಾಡಬೇಕು ಅನ್ನುವುದು ನನ್ನಾಸೆ.

ಬೇಗನೂ ಮಾಡಬೇಕು. ರಾಂಪತ್ರೆ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಸತ್ತೇ ಹೋಗುತ್ತದೆ. ಬಿದ್ದ ಮೇಲೆ ಬೇಗ ಒದ್ದೆ ನೆಲ ಸಿಗಬೇಕು. ಇಲ್ಲಾ ಮಂಗಟ್ಟೆ ಹಕ್ಕಿ ನುಂಗಿ, ಬೀಜ ಸುತ್ತಿದ ಪತ್ರೆ ಅರಗಿಸಿಕೊಂಡು, ಬೀಜವನ್ನು ಇನ್ನೆಲ್ಲೋ ಉಗುಳಬೇಕು. ಆಮೇಲೆ ಬೆಳೆಸೋಣ ಅಂತ ಕಾಪಿಡುವ ಮಾತೇ ಇಲ್ಲ.

ಹುಳಿ ಹಣ್ಣಿನ ಕಾಡುಮರ ಉಪ್ಪಾಗೆಯ ಕತೆಯನ್ನೂ ನಿನ್ನ ಪ್ರೊಫೆಸರಿಗೆ ಹೇಳು. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆ ಅಂತ ಅದರ ಸಿಪ್ಪೆಗೆ ವಿದೇಶದಿಂದ ಬೇಡಿಕೆ ಬಂತು. ಹಣ್ಣಾಗುವವರೆಗೆ ಕಾದರೆ ಬೇರೆಯವರು ಕೊಯ್ದುಕೊಳ್ಳುತ್ತಾರೆ ಅಂತ ಕಾಯಿಯನ್ನೇ ಕೊಯ್ದರು, ಕೈಗೆ ಸಿಗದಿದ್ದರೆ ಕೊಂಬೆಯನ್ನೇ ಕಡಿದರು. ಮಳೆಗಾಲದ ಹಣ್ಣು, ಬಿಸಿಲಿಲ್ಲ. ಒಣಗಿಸಲು ಒಲೆ ಉರಿಯಬೇಕು, ಒಲೆಗೆ ಕಟ್ಟಿಗೆ ಅದೇ ಕಾಡಿನಿಂದ ಬರಬೇಕು. ಆದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಸೊಪ್ಪಿನಬೆಟ್ಟದ ಮರಗಳಿಗೆ ಅಷ್ಟು ಗತಿಗೇಡು ಬರಲಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಹಕ್ಕು ಇದೆಯಲ್ಲ, ನಾಳೆಯೂ ತನಗೇ ಸಿಗುತ್ತದೆ ಅಂತ ಗೊತ್ತಿದ್ದವನು ಕಾದ. ಕಾಡು ಹಾಳಾದದ್ದಕ್ಕೆ ಜನರ ಆಸೆಬುರುಕತನವೇ ಕಾರಣ ಅಂತ ಬರೆಯುವುದು ಸುಲಭ. ಸುಮ್ನೆ ಹಾಗೆ ಬರೆಯಬೇಡ. ಹುಲಿ ಕಾಡಿಗೆ ಜಾಗ ಬಿಟ್ಟು ಭದ್ರಾದ ಒಳಗಿನ ಊರುಗಳಿಂದ ಎಂ.ಸಿ. ಹಳ್ಳಿ, ಕೆಳಗೂರಿಗೆ ಬಂದು ನೆಲೆಸಿದವರ ಮನೆಗೂ ಒಂದು ಭಾನುವಾರ ಹೋಗಿ ಬಾ. ಹುಲಿ ಮೇಲೆ ಮಾಡುವುದಾದರೂ ಅವರ ಮಾತು ಬೇಕು.

ಸ್ಟ್ಯಾಟಿಸ್ಟಿಕ್ಸ್ ತಲೆಗೆ ಹೋಗುವುದಿಲ್ಲ ಅಂತ ಅತ್ತಿದ್ದೆ. ಚೇಣಿಗೆ, ಅಂದರೆ ಫಸಲು ಗುತ್ತಿಗೆಗೆ, ಬರುವವನು ತೋಟದ ಎಲ್ಲ ಮರ ಎಣಿಸುತ್ತಾನಾ? ಅಲ್ಲಲ್ಲಿ ನಾಲ್ಕು ಸಾಲು ನೋಡಿ ಇಡೀ ಫಸಲಿಗೆ ರೇಟು ಕಟ್ಟುತ್ತಾನೆ. ಬರೀ ದಾರಿ ಬದಿಯ ಸಾಲು ನೋಡಿದವನು ಮುಳುಗುತ್ತಾನೆ. ಚೌಕ ಹಾಕಿ ಎಣಿಸುವ ನಿಮ್ಮ ಕ್ವಾಡ್ರಾಟು, ಗೆರೆ ಹಿಡಿದು ಎಣಿಸುವ ಟ್ರಾನ್ಸೆಕ್ಟು ಎಲ್ಲ ಅದೇ ಬುದ್ಧಿ. ಕಲಿತುಕೋ, ಬೇರೆ ದಾರಿ ಇಲ್ಲ.

ಕೆಲಸದ ವಿಷಯ. ಕಪ್ಪೆ ಎಣಿಸಿದರೆ ಸಂಬಳ ಯಾರು ಕೊಡ್ತಾರೆ ಅಂತ ನಿನ್ನ ದೊಡ್ಡತ್ತೆ ಪ್ರತಿ ಮದುವೆಯಲ್ಲೂ ಕೇಳುತ್ತಾಳೆ. ಕೊಡುತ್ತಾರೆ, ಜಾಸ್ತಿ ಕೊಡುವುದಿಲ್ಲ ಅಂತ ನಾನೂ ಹೇಳುತ್ತೇನೆ. ಪ್ರಾಜೆಕ್ಟು ಮುಗಿದರೆ ಕೆಲಸವೂ ಮುಗಿಯುತ್ತದೆ, ಅದು ನಿನಗೂ ಗೊತ್ತು. ಅಣೆಕಟ್ಟು, ರಸ್ತೆಗಳಿಗೆ ಪರಿಸರ ವರದಿ ಬರೆಯುವ ಕೆಲಸ ಬಂದೀತು, ಅದರಲ್ಲಿ ದುಡ್ಡು ಚೆನ್ನಾಗಿದೆ. ಮಾಡಬೇಡ ಅನ್ನುವುದಿಲ್ಲ. ಬೇಸಿಗೆಯಲ್ಲಿ ಹೋಗಿ ಕಪ್ಪೆ ಇಲ್ಲ ಅಂತ ಬರೆಯುವ ವರದಿಗೆ ಮಾತ್ರ ಸಹಿ ಹಾಕಬೇಡ.

ಇಷ್ಟೆಲ್ಲ ಓದಿಯೂ ಹುಲಿಯೇ ಬೇಕು ಅಂದರೆ ನಾನು ಮುಖ ಊದಿಸಿಕೊಳ್ಳುವುದಿಲ್ಲ. ಜಡ್ಡಿ ಅಂದರೆ ಅರಣ್ಯ ಇಲಾಖೆಗೆ ಅನುಮತಿ ಅರ್ಜಿ ಈಗಲೇ ಹಾಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದಂತೆ. ಮೆತ್ತು ಖಾಲಿ ಇದೆ. ರಕ್ತ ಹೀರುವ ಉಂಬಳ ಹತ್ತದ ಹಾಗೆ ಹಾಕುವ ಕಾಲುಚೀಲ ದುಡ್ಡು ಕೊಟ್ಟು ತರಬೇಡ, ಹಳೇ ಪಂಚೆಯ ದಪ್ಪ ಬಟ್ಟೆ ಇದೆ, ನಾನೇ ಹೊಲಿಯುತ್ತೇನೆ. ಮೊಣಕಾಲಿನವರೆಗೆ ಸಾಕಾ, ಇನ್ನೂ ಮೇಲೆ ಬೇಕಾ, ಅಳತೆ ಕಳಿಸು.

ನಿನ್ನ
ಅಮ್ಮ