ಸಂಖ್ಯೆಗೆ ‘ನೇ’ ಹಚ್ಚುವ ಮುನ್ನ

ಮಾನ್ಯ ಸಂಪಾದಕರೇ,

ಜುಲೈ ಬಂತೆಂದರೆ ಸ್ಥಳೀಯ ಪುಟಗಳ ತುಂಬ ರೋಟರಿ, ಲಯನ್ಸ್ ಪದಗ್ರಹಣದ ವರದಿಗಳು. ‘ರೋಟರಿ 3182ನೇ ಜಿಲ್ಲೆಯ ಗವರ್ನರ್’ ಎಂದು ಮತ್ತೆ ಮತ್ತೆ ಅಚ್ಚಾಗುತ್ತದೆ. ಆ ‘ನೇ’ ತಪ್ಪು. ಜಗತ್ತಿಡೀ ಹುಡುಕಿದರೂ ರೋಟರಿ ಜಿಲ್ಲೆಗಳು, ಅಂದರೆ ಕ್ಲಬ್ಬುಗಳ ಗುಂಪುಗಳು, ಐನೂರು ಚಿಲ್ಲರೆ. 3182ನೆಯದು ಎಲ್ಲಿಂದ ಬರಬೇಕು? ಅದು ಪಿನ್‌ಕೋಡ್‌ನಂಥ ಗುರುತು, ಎಣಿಕೆಯಲ್ಲ.

ಆ ಗುರುತು ಬೆಳೆದ ರೀತಿಯೇ ಬೇರೆ. ಮೈಸೂರು, ಮಲೆನಾಡು, ಕರಾವಳಿಯ ಕ್ಲಬ್ಬುಗಳದು ಮೊದಲು ಜಿಲ್ಲೆ 318. ಆಮೇಲೆ ಕೊನೆಗೊಂದು ಸೊನ್ನೆ ಸೇರಿ 3180. ಜಿಲ್ಲೆ ದೊಡ್ಡದಾಗಿ ಒಡೆದಾಗ ಸೊನ್ನೆಯ ಜಾಗ ಉಪಯೋಗಕ್ಕೆ ಬಂತು: ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರ 3181 ಆದವು; ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನ 3182. ಬೆಂಗಳೂರು ಕಡೆಯ 3190 ಕೂಡ ಹೀಗೆಯೇ 3191, 3192 ಆಯಿತು. ಹಳೆಯ ಸಂಖ್ಯೆಯನ್ನು ಯಾವ ಪಾಲಿಗೂ ಕೊಡಲಿಲ್ಲ. ಪಾಲಾದ ಮನೆಯಲ್ಲಿ ‘ದೊಡ್ಡಮನೆ ಯಾರದು’ ಎಂಬ ತಕರಾರು ಹುಟ್ಟದಿರಲು ಇದಕ್ಕಿಂತ ಜಾಣ ಉಪಾಯ ಕಾಣೆವು. ರೋಟರಿ ಕಟ್ಟಿಸಿದ ಬಸ್ ತಂಗುದಾಣದ ಕಲ್ಲಿನಲ್ಲಿ 318 ಇದೆಯೋ, 3180 ಇದೆಯೋ, 3182 ಇದೆಯೋ ನೋಡಿದರೆ, ಇಸವಿ ಅಳಿಸಿಹೋಗಿದ್ದರೂ ಕಟ್ಟಿದ ಕಾಲ ಅಂದಾಜಾಗುತ್ತದೆ.

ಇನ್ನೊಂದು ತೊಡಕು ‘ಜಿಲ್ಲೆ’ ಎಂಬ ಪದದ್ದೇ. ಶಿವಮೊಗ್ಗದ ಓದುಗರು ‘ಜಿಲ್ಲಾ ಗವರ್ನರ್’ ಎಂದರೆ ಶಿವಮೊಗ್ಗ ಜಿಲ್ಲೆಗೆ ಮಾತ್ರ ಎಂದು ತಿಳಿಯುತ್ತಾರೆ. ಮೊದಲ ಸಲ ಬರೆಯುವಾಗ ‘ರೋಟರಿ ಜಿಲ್ಲೆ 3182’ ಎಂದು ಹೇಳಿ ನಾಲ್ಕೂ ಜಿಲ್ಲೆಗಳ ಹೆಸರು ಸೇರಿಸಿದರೆ ಮುಗಿಯಿತು. ಲಯನ್ಸ್‌ನಲ್ಲಿ ಅಕ್ಷರ ಬಿಟ್ಟರೆ ಅನಾಹುತ. ಉಡುಪಿ ಕಡೆಯ ಕ್ಲಬ್ಬುಗಳದು 317ಸಿ. ಬರೀ 317 ಎಂದರೆ ಅಂಥ ಹಲವು ಜಿಲ್ಲೆಗಳ ಒಕ್ಕೂಟ; ಅದಕ್ಕೆ ಗವರ್ನರ್ ಇಲ್ಲ, ಕೌನ್ಸಿಲ್ ಚೇರ್‌ಪರ್ಸನ್ ಇರುತ್ತಾರೆ. ಒಂದಕ್ಷರ ಉಳಿಸಲು ಹೋಗಿ ಇಲ್ಲದ ಹುದ್ದೆಯೊಂದನ್ನು ಸೃಷ್ಟಿಸಿದಂತಾಗುತ್ತದೆ.

‘ನೇ’ ಸಲ್ಲುವ ಜಾಗವೂ ಇದೆ. ರೋಟರಿ ಕ್ಲಬ್ಬಿಗೆ ಸನ್ನದು (ಮಾನ್ಯತೆ ಪತ್ರ) ಸಿಕ್ಕ ಕ್ರಮಸಂಖ್ಯೆ ಜಿಲ್ಲೆ ಒಡೆದರೂ ಬದಲಾಗದು. 1905ರಲ್ಲಿ ಹುಟ್ಟಿದ ಷಿಕಾಗೊ ಕ್ಲಬ್ ಒಂದನೆಯದು, ಸ್ಯಾನ್ ಫ್ರಾನ್ಸಿಸ್ಕೊ ಎರಡನೆಯದು. ಲಾಸ್ ಏಂಜಲೀಸ್‌ನವರು ತಮ್ಮ ಕ್ಲಬ್ಬನ್ನು ಕರೆಯುವುದೇ ‘ಎಲ್ಎ5’ ಎಂದು. 1920ರಲ್ಲಿ ಸನ್ನದು ಪಡೆದ ಕಲ್ಕತ್ತ ಕ್ಲಬ್ಬಿನದು 545. ಯುವಕರ ಕ್ಲಬ್ಬಾದ ರೌಂಡ್ ಟೇಬಲ್‌ನಲ್ಲಂತೂ ಸಂಖ್ಯೆ ಹೆಸರಿನ ಭಾಗವೇ. ಮದ್ರಾಸ್ ರೌಂಡ್ ಟೇಬಲ್ 1ರಲ್ಲಿ ಆ ಒಂದನ್ನು ಬಿಟ್ಟರೆ ಯಾವ ಟೇಬಲ್ ಎಂದೇ ತಿಳಿಯದು.

ಫ್ರೀಮೇಸನ್ ಎಂಬ ಸೋದರಸಂಘದ ಹಳೆಯ ಲಾಡ್ಜ್‌ಗಳ (ಸ್ಥಳೀಯ ಶಾಖೆಗಳು, ಊಟ-ವಸತಿಯವಲ್ಲ) ಬಗ್ಗೆ ಬರೆಯುವವರು ಇನ್ನೂ ಎಚ್ಚರವಾಗಿರಬೇಕು. 1813ರಲ್ಲಿ ಇಂಗ್ಲೆಂಡಿನಲ್ಲಿ ಲಾಡ್ಜ್‌ಗಳ ಮೇಲಿನ ಎರಡು ಗ್ರ್ಯಾಂಡ್ ಲಾಡ್ಜ್‌ಗಳು ಒಂದಾದಾಗ ಎರಡರಲ್ಲೂ ‘1’ ಇತ್ತು. ಚೀಟಿ ಎತ್ತಿ, ಆ ಕಡೆಗೊಂದು ಈ ಕಡೆಗೊಂದರಂತೆ ಸಂಖ್ಯೆ ಹಂಚಿದರು. ಅಲ್ಲಿಯತನಕ 1 ಆಗಿದ್ದ ಆ್ಯಂಟಿಕ್ವಿಟಿ ಲಾಡ್ಜ್ ಅಂದಿನಿಂದ 2. ಮುಚ್ಚಿದ ಲಾಡ್ಜ್‌ಗಳ ಖಾಲಿ ಸಂಖ್ಯೆ ತುಂಬಲು 1863ರಲ್ಲಿ ಕೊನೆಯ ಸಲ ಎಲ್ಲವನ್ನೂ ಬದಲಿಸಿದರು. ಹಾಗಾಗಿ ಅದಕ್ಕೂ ಹಿಂದಿನ ದಾಖಲೆಯ ಸಂಖ್ಯೆ ಎತ್ತಿಕೊಂಡರೆ ಬೇರೆಯವರ ಚರಿತ್ರೆ ಬರೆದಂತಾದೀತು. ಸ್ಕಾಟ್ಲೆಂಡಿನ ಕಿಲ್‌ವಿನ್ನಿಂಗ್ ಲಾಡ್ಜ್ ತಾನೇ ಹಳೆಯದೆಂದು 1743ರಲ್ಲಿ ಮುನಿಸಿಕೊಂಡು ಅಲ್ಲಿನ ಗ್ರ್ಯಾಂಡ್ ಲಾಡ್ಜ್‌ನಿಂದ ಹೊರನಡೆದು 1807ರಲ್ಲಿ ಮರಳಿತು. ಅಷ್ಟರಲ್ಲಿ 1 ಎಡಿನ್‌ಬರೋದ ಲಾಡ್ಜ್ ಪಾಲಾಗಿತ್ತು. ಕಿತ್ತುಕೊಳ್ಳುವಂತಿಲ್ಲ, ಕೆಳಗೆ ಕೂರಿಸುವಂತೆಯೂ ಇಲ್ಲ. ಇಂದಿಗೂ ಕಿಲ್‌ವಿನ್ನಿಂಗ್ ಸಂಖ್ಯೆ 0.

ನಮ್ಮ ಕೋರಿಕೆ ಚಿಕ್ಕದು. ಈ ಬಾರಿ ವರದಿಗಾರರು ಆಮಂತ್ರಣ ಪತ್ರಿಕೆಯ ಮೇಲ್ಭಾಗದಲ್ಲಿರುವ ಸಂಖ್ಯೆಯನ್ನು ಇದ್ದಂತೆ ಬರೆದುಕೊಳ್ಳಲಿ. ಹಳೆಯ ವರದಿಯಿಂದ ನಕಲು ಮಾಡಿದರೆ ಇಲ್ಲದ 3180 ಮತ್ತೆ ಪುಟದ ಮೇಲೆ ಬಂದು ಕೂರುತ್ತದೆ.

– ಕೆಲವು ಓದುಗರು, ಶಿವಮೊಗ್ಗ